ಕೇಳದೆ ಬರುವ ಬುದ್ಧಿಮಾತು: ಮುಖ ಕೆಡಿಸಿಕೊಳ್ಳದೆ ನಿಭಾಯಿಸೋದು ಹೇಗೆ?

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ. ರಾತ್ರಿ ಗುಡುಗು ಜೋರಾಗಿತ್ತು, ಮಳೆ ಮಾತ್ರ ಸುಮಾರಾಗಿ ಬಂದಿತ್ತು. ಗೇಟಿನ ಹತ್ತಿರ ಜೀಪು ನಿಂತಿತು. ಪಕ್ಕದ ತೋಟದ ಅಣ್ಣ ಇಳಿಯಲಿಲ್ಲ, ಕೂತಲ್ಲಿಂದಲೇ ಕೇಳಿದರು.

"ನಿಮ್ಮಲ್ಲಿ ಎಷ್ಟು ಸೆಂಟು?"

"ನಲವತ್ತು ಅಣ್ಣ."

ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ: ಇಲ್ಲಿ ತೋಟದವರು ಮಳೆಯನ್ನು ಇಂಚಿನ ಲೆಕ್ಕದಲ್ಲಿ ಅಳೆಯುತ್ತಾರೆ. ಇಂಚಿನ ನೂರನೇ ಒಂದು ಪಾಲು ಒಂದು ಸೆಂಟು. ರೊಬಸ್ಟಾ ಕಾಫಿ ಚೆನ್ನಾಗಿ ಹೂ ಬಿಡಬೇಕಾದರೆ ಹೂಮಳೆ ಸುಮಾರು ಒಂದು ಇಂಚಾದರೂ ಬೇಕು.

"ಸಾಲಲ್ಲ ಅದು. ಇವತ್ತೇ ಸ್ಪ್ರಿಂಕ್ಲರ್ ಹಾಕ್ಬಿಡಿ" ಅಂದರು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. "ಮಗನ್ನ ಇನ್ನೂ ಇಲ್ಲೇ ಓದಿಸ್ತಿದೀರಾ? ಮೈಸೂರಲ್ಲಿ ಹಾಸ್ಟೆಲಿಗೆ ಹಾಕಿ. ನಿಮ್ಮತ್ತೆ ಮಂಡಿಗೆ ಆಪರೇಷನ್ ಗೀಪರೇಷನ್ ಬೇಡ, ಎಣ್ಣೆ ತಿಕ್ಕಿದ್ರೆ ಸಾಕು. ಅಲ್ಲಾ, ಗೇಟಿಗೆ ಈ ಬಣ್ಣ ಯಾಕೆ ಹೊಡೆಸಿದ್ರಿ?" ಎಲ್ಲ ಸೇರಿ ಐದು ನಿಮಿಷ. ಜೀಪಿನ ಇಂಜಿನ್ ಕೂಡ ಆಫ್ ಆಗಿರಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಹಠಕ್ಕೆ ಬಿದ್ದು ಅವತ್ತು ಸ್ಪ್ರಿಂಕ್ಲರ್ ಹಾಕಲಿಲ್ಲ. ಮಾರನೇ ದಿನವೂ ಹಾಕಲಿಲ್ಲ. ಅರೆಬರೆ ಮಳೆಗೆ ಮೊಗ್ಗು ಅರ್ಧ ಉಬ್ಬಿ ಅಲ್ಲೇ ನಿಂತುಬಿಟ್ಟಿತು. ಕೆರೆ ಪಕ್ಕದ ಒಂದು ಎಕರೆ ಆ ವರ್ಷ ಕೈಕೊಟ್ಟಿತು. ಅವರು ಹೇಳಿದ ಐದು ಮಾತಿನಲ್ಲಿ ಒಂದು ನೂರಕ್ಕೆ ನೂರು ಸರಿ ಇತ್ತು. ಉಳಿದ ನಾಲ್ಕರ ಸಿಟ್ಟಿನಲ್ಲಿ ನಾನು ಅದನ್ನೂ ಎಸೆದಿದ್ದೆ.

ಹನ್ನೆರಡು ವರ್ಷದ ಹಿಂದೆ ಮೈಸೂರಿನ ಕೆಲಸ ಬಿಟ್ಟು ಸುಂಟಿಕೊಪ್ಪದ ಹತ್ತಿರದ ಗಂಡನ ಊರಿಗೆ ಬಂದವಳು ನಾನು. ಬಿಟ್ಟಿ ಸಲಹೆ ಕೇಳಿಸಿಕೊಳ್ಳುವುದರಲ್ಲಿ ನನಗೆ ಒಳ್ಳೆಯ ಸರ್ವಿಸ್ ಇದೆ. ಎಡವಿ ಕಲಿತದ್ದನ್ನು ಒಂದೊಂದೇ ಹೆಜ್ಜೆಯಾಗಿ ಕೆಳಗೆ ಇಟ್ಟಿದ್ದೇನೆ.

ಮೊದಲು ಒಂದು ಮಾತು: ದೂರ ಇಡುವ ಉಪಾಯ ಇಲ್ಲಿ ನಡೆಯಲ್ಲ

"ಅಂಥವರ ಸಹವಾಸವೇ ಬಿಟ್ಟುಬಿಡಿ, ನಂಬರ್ ಬ್ಲಾಕ್ ಮಾಡಿ" ಅನ್ನುವುದು ಪಟ್ಟಣದ ಉಪಾಯ. ಅಲ್ಲಿ ನಡೆಯಬಹುದು. 2011ರ ಜನಗಣತಿಯಲ್ಲಿ ಇಡೀ ಕೊಡಗು ಜಿಲ್ಲೆಯ ಜನ 5,54,519. ಬೆಂಗಳೂರಿನ ಒಂದು ಮೂಲೆಯಷ್ಟು ಜನ ನಾವು. ಬಸ್ಸಿನಲ್ಲಿ ಪಕ್ಕ ಕೂತವರು "ಯಾವ ಮನೆ?" ಅಂತ ಶುರು ಮಾಡಿದರೆ ಮೂರನೇ ಪ್ರಶ್ನೆಗೆ ನೆಂಟರಾಗಿಬಿಡುತ್ತಾರೆ. ಇವತ್ತು ಮುಖ ತಿರುಗಿಸಿದವರ ಎದುರು ಭಾನುವಾರ ಮದುವೆ ಊಟದಲ್ಲಿ ಎಲೆ ಹಾಕಿಕೊಂಡು ಕೂರಬೇಕು.

ಅದೂ ಹೋಗಲಿ ಅನ್ನಿ. ಜೂನ್, ಜುಲೈನಲ್ಲಿ ಮರ ಬಿದ್ದು ದಾರಿ ಕಟ್ಟಿದರೆ ಗರಗಸ ತರುವವರು ಯಾರು? ಆನೆ ಬೇಲಿ ಮುರಿದರೆ ರಾತ್ರಿ ಫೋನ್ ಮಾಡಿ ಎಚ್ಚರಿಸುವವರು ಯಾರು? 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮಾದಾಪುರದ ಕಡೆಯೆಲ್ಲ ಗುಡ್ಡ ಕುಸಿದಾಗ ನಮ್ಮ ನೆಂಟರ ಮನೆಯವರನ್ನು ಹೊರಗೆ ಕರೆತಂದದ್ದು ಇದೇ ಜೀಪು. ದಾರಿಯುದ್ದಕ್ಕೂ ಅಣ್ಣ ಅವರಿಗೆ "ಅಲ್ಲಿ ಮನೆ ಕಟ್ಟಲೇಬಾರದಿತ್ತು" ಅಂತ ಹೇಳುತ್ತಲೇ ಬಂದರಂತೆ!

ಹಾಗಾಗಿ ನಮ್ಮ ಗುರಿ ಇಷ್ಟೇ. ಆ ವಿಷಯದ ಮಾತು ನಿಲ್ಲಬೇಕು. ಹೋಗಿ ಬರೋದು ನಿಲ್ಲಬಾರದು. ಮುಂದಿನ ಎಲ್ಲ ಹೆಜ್ಜೆಗಳೂ ಇದಕ್ಕೆ ತಕ್ಕ ಹಾಗೆ ಇವೆ.

ಹೆಜ್ಜೆ 1: ಸಿಟ್ಟನ್ನೂ ಸಲಹೆಯನ್ನೂ ಬೇರೆ ಬೇರೆ ಇಡಿ

ಯಾರಾದರೂ "ಹೀಗೇ ಮಾಡು" ಅಂದ ಕೂಡಲೇ ಬೇಕಂತಲೇ ಹಾಗೆ ಮಾಡಬಾರದು ಅನ್ನಿಸುತ್ತದಲ್ಲ, ಅದು ನಿಮ್ಮ ಕೆಟ್ಟ ಗುಣ ಏನಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾಕ್ ಬ್ರೆಮ್ 1966ರಲ್ಲೇ ಇದರ ಬಗ್ಗೆ ಒಂದು ಸಿದ್ಧಾಂತ ಮುಂದಿಟ್ಟರು. ನಮ್ಮ ಕೈಯಲ್ಲಿರುವ ಆಯ್ಕೆಯನ್ನು ಯಾರೋ ಕಿತ್ತುಕೊಳ್ಳುತ್ತಿದ್ದಾರೆ ಅನ್ನಿಸಿದರೆ ಮನಸ್ಸು ಅದನ್ನು ವಾಪಸ್ ಹಿಡಿದುಕೊಳ್ಳಲು ಒದ್ದಾಡುತ್ತದೆ. ಅದಕ್ಕೇ ಬೇಡ ಅಂದದ್ದು ಇನ್ನಷ್ಟು ಬೇಕು ಅನ್ನಿಸುವುದು, ಮಾಡು ಅಂದದ್ದನ್ನು ಬಿಡಬೇಕು ಅನ್ನಿಸುವುದು. ಸಲಹೆ ಸರಿಯೋ ತಪ್ಪೋ ಅನ್ನುವುದಕ್ಕೂ ಈ ಉರಿಗೂ ಸಂಬಂಧವೇ ಇಲ್ಲ.

ಬೇರೆ ಮಾಡೋದು ಹೇಗೆ? ನಾನು ಮಾಡುವುದು ಇದು. ಹೇಳಿದವರ ಮುಖ ತೆಗೆದುಹಾಕಿ ಅಲ್ಲಿ ಬೇರೆ ಮುಖ ಇಡುತ್ತೇನೆ. ಇದೇ ಮಾತನ್ನು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರು ಹೇಳಿದ್ದರೆ ಏನು ಮಾಡುತ್ತಿದ್ದೆ? ಅದು 1946ರಿಂದ ಇರುವ ಕೇಂದ್ರ. ಅವರು ಸ್ಪ್ರಿಂಕ್ಲರ್ ಹಾಕಿ ಅಂದಿದ್ದರೆ ನಾನು ಓಡಿಹೋಗಿ ಪಂಪ್ ಶುರು ಮಾಡುತ್ತಿದ್ದೆ. ಮಂಡಿಗೆ ಎಣ್ಣೆ ಸಾಕು ಅಂತ ಮೂಳೆ ಡಾಕ್ಟರ್ ಹೇಳಿದ್ದರೆ? ಕೇಳುತ್ತಿದ್ದೆನೇನೋ. ಜೀಪಿನಲ್ಲಿ ಕೂತವರು ಮೂಳೆ ಡಾಕ್ಟರ್ ಅಲ್ಲವಲ್ಲ. ಅಲ್ಲಿಗೆ ಅದು ಮುಗಿಯಿತು.

ಸಾಮಾನ್ಯವಾಗಿ ಒಂದು ರಾತ್ರಿ ಕಳೆಯಲು ಬಿಟ್ಟರೆ ಸಾಕು, ಎರಡೂ ತಾವಾಗಿಯೇ ಬೇರೆಯಾಗುತ್ತವೆ. ಹೂಮಳೆ ವಿಷಯದಲ್ಲಿ ಮಾತ್ರ ರಾತ್ರಿ ಕಾಯಬೇಡಿ, ಆ ದುಬಾರಿ ಪಾಠ ನನಗೊಬ್ಬಳಿಗೆ ಆದರೆ ಸಾಕು.

ಹೆಜ್ಜೆ 2: ಕೆಟ್ಟರೆ ಕಳೆದುಕೊಳ್ಳುವವರು ಯಾರು ಅಂತ ನೋಡಿ

ಸಲಹೆ ಕೊಡುವವರೆಲ್ಲ ಒಂದೇ ಜಾತಿ ಅಲ್ಲ. ಕೆಲವರು ನಿಜವಾಗಿ ನಿಮ್ಮ ಮೇಲಿನ ಕಾಳಜಿಗೆ ಹೇಳುತ್ತಾರೆ. ಕೆಲವರು ತಾವು ಪಟ್ಟ ಪಾಡು ನೀವು ಪಡಬಾರದು ಅಂತ ಹೇಳುತ್ತಾರೆ. ಕೆಲವರಿಗೆ ಸುಮ್ನೆ ಹೊತ್ತು ಹೋಗಬೇಕು. ಇವರ ಮಧ್ಯೆ ಇನ್ನೊಬ್ಬರಿದ್ದಾರೆ, ಇವರ ವಿಷಯದಲ್ಲಿ ಹುಷಾರು: ನೀವು ಅವರ ಮಾತು ಕೇಳಿದರೆ ಲಾಭ ಅವರಿಗೆ.

ನಮ್ಮ ಮಾವನವರು ತೀರಿಕೊಂಡ ಮೂರೇ ತಿಂಗಳಿಗೆ ದೂರದ ನೆಂಟರೊಬ್ಬರು ಪದೇ ಪದೇ ಬರತೊಡಗಿದರು. "ನಿಮ್ಮಿಂದ ತೋಟ ನೋಡ್ಕೊಳ್ಳೋಕೆ ಆಗಲ್ಲಮ್ಮ. ಆಳಿಲ್ಲ, ಆನೆ ಕಾಟ. ಮಾರಿ ಮೈಸೂರಲ್ಲಿ ಸೈಟ್ ತಗೊಳ್ಳಿ." ಎಷ್ಟು ಪ್ರೀತಿ ಅಂದುಕೊಂಡಿದ್ದೆವು. ನಾಲ್ಕನೇ ಸಲ ಬಂದಾಗ ನನ್ನ ಗಂಡ "ಪಾರ್ಟಿ ಯಾರಾದ್ರೂ ಇದಾರಾ?" ಅಂತ ಕೇಳಿದರು. ಪಾರ್ಟಿ ಇದ್ದರು. ಅವರ ಸ್ವಂತ ಅಳಿಯ! ಅಂದಿನಿಂದ ನಮ್ಮ ಮನೆಯಲ್ಲಿ ಇದೊಂದು ನಿಯಮ. ಜಾಗ ಮಾರಿ ಅನ್ನುವ ಸಲಹೆ ಎರಡನೇ ಸಲ ಬಂದರೆ ಕೊಳ್ಳುವವರು ಯಾರು ಅಂತ ಮೊದಲು ಕೇಳುತ್ತೇವೆ. ಪಹಣಿ, ಸರ್ವೆ, ಜಮ್ಮಾ ಬಾಣೆ (ಕೊಡಗಿನ ಹಳೇ ಹಕ್ಕಿನ ಜಮೀನು) ಇಂಥ ವಿಷಯದಲ್ಲಂತೂ ಕಟ್ಟೆ ಮೇಲಿನ ಮಾತು ಕೇಳಲೇಬೇಡಿ. ವಕೀಲರಿಗೇ ತಲೆಬಿಸಿ ಮಾಡುವ ವಿಷಯ ಅದು.

ಬೆಲೆಯ ಸಲಹೆಗೂ ಇದೇ ಪ್ರಶ್ನೆ ಹಾಕಬಹುದು. 2024ರಲ್ಲಿ ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) 50 ಕೆಜಿ ಚೀಲಕ್ಕೆ 10,000 ರೂಪಾಯಿ ದಾಟಿತು. ಆ ವರ್ಷದ ಶುರುವಿನಲ್ಲೇ ಮಾರಿದವರು ಊರಿಡೀ ಒಂದೇ ಮಾತು ಕೇಳಬೇಕಾಯಿತು: "ನಾನು ಅವತ್ತೇ ಹೇಳಿದ್ದೆ, ಇಟ್ಕೊಳ್ಳಿ ಅಂತ." ನಿಜ ಏನೆಂದರೆ, ಇಟ್ಕೊಳ್ಳಿ ಅಂದವರೂ ಇದ್ದರು, ಬೇಗ ಕೊಟ್ಬಿಡಿ ಅಂದವರೂ ಇದ್ದರು. ಬೆಲೆ ಇಳಿದಿದ್ದರೆ ಎರಡನೆಯವರು ಬಂದು ಅದೇ ಮಾತು ಹೇಳುತ್ತಿದ್ದರು. ನಮ್ಮ ಆಳಿನ ಬಟವಾಡೆ, ಬ್ಯಾಂಕಿನ ಬಡ್ಡಿ, ಮಗನ ಫೀಸು ಕಟ್ಟುವವರು ಅವರಾರೂ ಅಲ್ಲ.

"ನಾನು ಅವತ್ತೇ ಹೇಳಿದ್ದೆ" ಅನ್ನುವವರಿಗೆ ಏನು ಉತ್ತರ ಕೊಡಬೇಕು ಅಂತ ತುಂಬಾ ಜನ ಕೇಳುತ್ತಾರೆ. "ಹೌದು, ಹೇಳಿದ್ರಿ." ಅಷ್ಟೇ. ಮುಂದೆ ಒಂದಕ್ಷರವೂ ಸೇರಿಸಬೇಡಿ. ಅವರು ಕಾಯುತ್ತಿರುವುದು ಈ ರಸೀದಿಗೆ. ಕೊಟ್ಟರೆ ಹೋಗುತ್ತಾರೆ.

ಹೆಜ್ಜೆ 3: ಸುದ್ದಿಯ ನಲ್ಲಿ ಸ್ವಲ್ಪ ಬಿಗಿ ಮಾಡಿ

ನಮ್ಮ ಬಗ್ಗೆ ಇವರಿಗೆ ಹೇಗೆ ಗೊತ್ತಾಯ್ತು ಅಂತ ಆಶ್ಚರ್ಯಪಡುತ್ತೇವೆ. ಹೇಳಿದ್ದು ನಾವೇ. ಸೋಮವಾರಪೇಟೆ ಸಂತೆಯಲ್ಲಿ ಹೇಳಿರುತ್ತೇವೆ, ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಾಕಿರುತ್ತೇವೆ, ಇಲ್ಲವೇ ಯಾವುದೋ ಅಂಗಡಿಯಲ್ಲಿ ಚಿಲ್ಲರೆಗೆ ಕಾಯುತ್ತಾ ಬಾಯಿಬಿಟ್ಟಿರುತ್ತೇವೆ.

ಇಲ್ಲಿ ಸುಳ್ಳು ಹೇಳಬೇಕಾಗಿಲ್ಲ. ಯಾವಾಗ ಹೇಳುತ್ತೀರಿ ಅನ್ನುವುದನ್ನು ಬದಲಾಯಿಸಿದರೆ ಸಾಕು. "ಮಗನ್ನ ಯಾವ ಕಾಲೇಜಿಗೆ ಹಾಕೋದು ಅಂತ ನೋಡ್ತಾ ಇದೀವಿ" ಅಂದರೆ ಊರಿಗೇ ಆಮಂತ್ರಣ ಪತ್ರಿಕೆ ಹಂಚಿದ ಹಾಗೆ. "ಕುಶಾಲನಗರದಲ್ಲಿ ಸೇರಿಸಿ ಆಯ್ತು, ಫೀಸೂ ಕಟ್ಟಿ ಆಯ್ತು" ಅಂದರೆ ಹೆಚ್ಚೆಂದರೆ ಒಂದು "ಅಯ್ಯೋ" ಬರುತ್ತದೆ, ಆಮೇಲೆ ಹವಾಮಾನದ ಮಾತು. "ನೋಡ್ತಾ ಇದೀವಿ", "ಯೋಚನೆ ಮಾಡ್ತಿದೀವಿ", "ಏನ್ಮಾಡೋದೋ ಗೊತ್ತಾಗ್ತಿಲ್ಲ" ಈ ಮೂರು ಮಾತನ್ನು ನಿಮಗೆ ನಿಜವಾಗಿ ಯಾರ ಸಲಹೆ ಬೇಕೋ ಅವರ ಮುಂದೆ ಮಾತ್ರ ಆಡಿ.

ಮನೆ ಪ್ಲಾನ್, ಮದುವೆ ಮಾತುಕತೆ, ಬಸಿರು, ಕೆಲಸ ಬಿಡುವುದು, ಆಸ್ಪತ್ರೆಯ ವರದಿ, ಸಾಲ. ಇವನ್ನು ಮುಗಿದ ಮೇಲೆ ಹೇಳುವ ಪಟ್ಟಿಗೆ ಸೇರಿಸಿ. ಇದಕ್ಕೆ ಬದಲಾಗಿ ಬೇರೆ ಸುದ್ದಿ ಧಾರಾಳವಾಗಿ ಕೊಡಿ. ಬಾಯಿ ಹೊಲಿದುಕೊಂಡು ಕೂತರೆ "ಏನೋ ಮುಚ್ಚಿಡ್ತಿದಾರೆ" ಅಂತ ಕೆದಕುವವರು ಹೆಚ್ಚಾಗುತ್ತಾರೆ. ನಾನು ಕೋತಿ ಕಾಟ, ಕರಿಮೆಣಸಿನ ಸೊರಗು ರೋಗ, ನಮ್ಮ ನಾಯಿಯ ಕಿತಾಪತಿ ಎಲ್ಲ ಬೇಕಾದಷ್ಟು ಹೇಳುತ್ತೇನೆ. ಈ ನಾಯಿಯ ಬಗ್ಗೆ ಊರಲ್ಲಿ ಎಲ್ಲರೂ ಸಲಹೆ ಕೊಟ್ಟಿದ್ದಾರೆ. ಕೊಡಲಿ. ನಾಯಿಗೇನೂ ಬೇಜಾರಿಲ್ಲ.

ಹೆಜ್ಜೆ 4: 'ಆಯ್ತು' ಅನ್ನುವಾಗ ಎಚ್ಚರ

ಇದು ಕನ್ನಡಿಗರಿಗೇ ಇರುವ ತೊಂದರೆ ಅಂತ ನನಗೆ ಅನುಮಾನ. 'ಆಯ್ತು' ಅನ್ನುವ ಒಂದು ಪದದಲ್ಲಿ ನಾವು ಎಷ್ಟೊಂದು ಹೇಳುತ್ತೇವೆ. ಒಪ್ಪಿದೆ ಅಂತಲೂ ಆಯ್ತು, ಮುಗಿಯಿತು ಅಂತಲೂ ಆಯ್ತು, ಸಾಕು ಬಾಯಿ ಮುಚ್ಚು ಅಂತಲೂ ಆಯ್ತು. ಹೇಳುವವರ ಮನಸ್ಸಲ್ಲಿ ಮೂರನೆಯದು ಇರುತ್ತದೆ. ಕೇಳುವವರ ಕಿವಿಗೆ ಮೊದಲನೆಯದು ಬೀಳುತ್ತದೆ.

ನಮ್ಮ ದೊಡ್ಡಮ್ಮ ಒಮ್ಮೆ "ಹಿತ್ತಲಿನ ಹಲಸಿನ ಮರ ಕಡಿಸು, ಮನೆ ಮೇಲೆ ಬೀಳುತ್ತೆ" ಅಂದಿದ್ದರು. "ಆಯ್ತು ದೊಡ್ಡಮ್ಮ" ಅಂದಿದ್ದೆ, ಸುಮ್ಮನಾಗಲಿ ಅಂತ. ಕೈಲ್ ಮುಹೂರ್ತದ ಹಬ್ಬಕ್ಕೆ ಬಂದವರು ಮರ ನೋಡಿ, ಎಲ್ಲರೆದುರು "ಆಯ್ತು ಅಂದಿದ್ದಲ್ಲ, ಮಾತಿಗೆ ಬೆಲೆ ಇಲ್ವಾ?" ಅಂದರು. ಅವರ ಲೆಕ್ಕದಲ್ಲಿ ನಾನು ಮಾತು ತಪ್ಪಿದವಳು. ಸಲಹೆಯಾಗಿ ಬಂದದ್ದು ನನ್ನ ಒಂದು ಪದದಿಂದ ಒಪ್ಪಂದವಾಗಿತ್ತು.

ಈಗ ನಾನು ಬಳಸುವ ಮಾತುಗಳು ಬೇರೆ. ಹಿರಿಯರಿಗೆ "ನೀವು ಹೇಳಿದ್ದು ಮನಸ್ಸಲ್ಲಿ ಇಟ್ಕೋತೀನಿ ದೊಡ್ಡಮ್ಮ" ಅನ್ನುತ್ತೇನೆ. ಅದು ನಿಜವೂ ಹೌದು. ಅವರಿಗೆ ಗೌರವವೂ ಸಿಕ್ಕಿತು, ನನ್ನಿಂದ ಮಾತೂ ಹೋಗಲಿಲ್ಲ. ಸರೀಕರಿಗೆ "ಹೌದಾ? ನಿಮ್ಮಲ್ಲಿ ಹಾಗೆ ಮಾಡಿದ್ರಾ?" ಅಂದರೆ ಸಾಕು. ಮಾತು ಅವರ ಮನೆಗೆ ವಾಪಸ್ ಹೋಗುತ್ತದೆ, ಅವರು ಖುಷಿಯಾಗಿ ತಮ್ಮ ಕಥೆ ಹೇಳುತ್ತಾರೆ. ಬಸ್ಸಿನಲ್ಲಿ ಗುರುತಿಲ್ಲದವರು ಶುರು ಮಾಡಿದರೆ ನಕ್ಕು ಕಿಟಕಿ ಕಡೆ ನೋಡಿ, ಮಡಿಕೇರಿ ರಸ್ತೆಯ ತಿರುವಿನಲ್ಲಿ ವಾಂತಿ ಬರುವವರಂತೆ ಮುಖ ಮಾಡಿ. ತಮಾಷೆಗೆ ಹೇಳುತ್ತಿಲ್ಲ, ಸರಿಯಾಗಿ ಕೆಲಸ ಮಾಡುತ್ತದೆ.

ಹೆಜ್ಜೆ 5: ಕಾರಣ ಕೊಡಬೇಡಿ

ಇದು ಕಷ್ಟದ ಹೆಜ್ಜೆ. ಮರ್ಯಾದೆ ಇರುವವರಿಗೆ ಕಾರಣ ಕೊಡದೆ ಇರಲು ಆಗುವುದೇ ಇಲ್ಲ. ಹೋಮ್‌ಸ್ಟೇ ವಿಷಯದಲ್ಲಿ ನನ್ನ ಜೊತೆ ನಡೆದ ಮಾತು ಹೀಗಿತ್ತು.

"ಮನೆ ಇಷ್ಟು ದೊಡ್ಡದಿದೆ, ಹೋಮ್‌ಸ್ಟೇ ಯಾಕೆ ಮಾಡಲ್ಲ?"

"ಕೆಲಸಕ್ಕೆ ಜನ ಸಿಗಲ್ಲ ಅಕ್ಕ."

"ನಮ್ಮ ಭಾವನ ಮಗ ಖಾಲಿ ಇದಾನೆ, ಕಳಿಸ್ಲಾ?"

"ಬಾತ್‌ರೂಮ್ ಎಲ್ಲ ಮಾಡಿಸ್ಬೇಕು, ದುಡ್ಡಿಲ್ಲ."

"ಸೊಸೈಟೀಲಿ ಸಾಲ ಕೊಡ್ತಾರೆ. ನನ್ನ ತಮ್ಮಂಗೆ ಹೇಳ್ತೀನಿ."

"ಅತ್ತೆಗೆ ಗದ್ದಲ ಆಗಲ್ಲ."

"ಅವರನ್ನ ಮಗಳ ಮನೆಗೆ ಕಳಿಸಿ ಸ್ವಲ್ಪ ದಿನ."

ನೋಡಿ, ಮೂರು ಕಾರಣ ಕೊಟ್ಟೆ, ಅತ್ತೆ ಮನೆಯಿಂದ ಹೊರಗೆ ಹೋಗುವ ಹಂತಕ್ಕೆ ಬಂತು. ಕಾರಣ ಅಂದರೆ ಅವರಿಗೆ ಪರಿಹಾರ ಹುಡುಕಬೇಕಾದ ಸಮಸ್ಯೆ. ಕೊಟ್ಟಷ್ಟೂ ಕೆಲಸ ಹೆಚ್ಚು. ಕೊನೆಗೆ ನಾನು "ಇಲ್ಲ ಅಕ್ಕ, ನಮಗೆ ಬೇಡ ಅನಿಸ್ತು" ಅಂದೆ. "ಯಾಕೆ?" "ಸುಮ್ನೆ, ಬೇಡ ಅನಿಸ್ತು. ಕಾಫಿ ಕುಡೀತೀರಾ, ಟೀನಾ?" ಮುಗಿಯಿತು. ಬೇಡ ಅನ್ನಿಸಿದ್ದಕ್ಕೆ ಸೊಸೈಟಿಯಲ್ಲಿ ಸಾಲ ಸಿಗುವುದಿಲ್ಲ.

ಮತ್ತೆ ಕೇಳಿದರೆ ಅದೇ ವಾಕ್ಯ, ಅದೇ ದನಿ. ಹೊಸ ಪದ ಸೇರಿಸಬೇಡಿ, ದನಿ ಏರಿಸಬೇಡಿ. ಮೂರನೇ ಸಲಕ್ಕೆ ಎಂಥವರಿಗೂ ಬೇಸರ ಬರುತ್ತದೆ. ಮದುವೆ ಯಾವಾಗ, ಮಗು ಯಾವಾಗ, ಎರಡನೇದು ಯಾವಾಗ ಅನ್ನುವ ಪ್ರಶ್ನೆಗಳಿಗೂ ಇದೇ ಔಷಧಿ. "ಆದಾಗ ನಿಮಗೆ ಹೇಳ್ದೆ ಇರ್ತೀವಾ?" ಅಂತ ನಗುತ್ತಾ ಒಂದೇ ಮಾತು. ಮಗುವಿಗಾಗಿ ವರ್ಷಗಟ್ಟಲೆ ಆಸ್ಪತ್ರೆ ಸುತ್ತುತ್ತಿರುವವರಿಗೆ ಈ ನಗು ಎಷ್ಟು ಭಾರ ಅಂತ ನನಗೆ ಗೊತ್ತು. ಅಂಥವರು ನಗಲೇಬೇಕಾಗಿಲ್ಲ. ಎದ್ದು ಒಳಗೆ ಹೋದರೂ ಅದು ಉತ್ತರವೇ.

ಹೆಜ್ಜೆ 6: ಕೇಳದೆ ಹೇಳುವವರನ್ನು ನೀವೇ ಕೇಳಿ

ಇದನ್ನು ಓದಿದರೆ ತಲೆಕೆಟ್ಟಿದೆ ಅನ್ನಿಸಬಹುದು. ಆದರೂ ಒಮ್ಮೆ ಮಾಡಿ ನೋಡಿ.

ನನ್ನ ಗಂಡನ ಚಿಕ್ಕಪ್ಪ ನಲವತ್ತು ವರ್ಷ ತೋಟ ಮಾಡಿದವರು. ಮಕ್ಕಳು ಬೆಂಗಳೂರಿನಲ್ಲಿ. ತೋಟ ಲೀಸಿಗೆ ಹೋಯಿತು. ಅವರಿಗೆ ಉಳಿದದ್ದು ನಮ್ಮ ಮನೆ ಜಗಲಿ ಮತ್ತು ನಮ್ಮ ತಪ್ಪುಗಳು. ಅಡುಗೆಗೆ ಎಷ್ಟು ಉಪ್ಪು, ಮಗನ ಕೂದಲು ಯಾಕೆ ಉದ್ದ, ಟಿವಿ ಸೌಂಡ್ ಯಾಕೆ ಜಾಸ್ತಿ. ಅತ್ತೆಗೂ ಸಾಕಾಗಿತ್ತು.

ಜನವರಿಯಲ್ಲಿ ಕಾಫಿ ಕಣದಲ್ಲಿ ಒಣಗುತ್ತಿದ್ದಾಗ ನಾನು ಅವರನ್ನೇ ಕರೆದೆ. "ಚಿಕ್ಕಪ್ಪ, ಚೀಲಕ್ಕೆ ತುಂಬೋಕೆ ಆಗಿದ್ಯಾ ನೋಡಿ, ನನಗೆ ಗೊತ್ತಾಗ್ತಿಲ್ಲ." ರೊಬಸ್ಟಾ ಚೆರಿಯಲ್ಲಿ ತೇವ ಸುಮಾರು 11 ಪರ್ಸೆಂಟಿಗೆ ಇಳಿಯಬೇಕು. ನಮ್ಮ ಹತ್ತಿರ ಮೀಟರ್ ಇದೆ. ಅವರು ಮೀಟರ್ ಮುಟ್ಟಲಿಲ್ಲ. ಒಂದು ಹಿಡಿ ತೆಗೆದು ಕಿವಿ ಹತ್ತಿರ ಅಲುಗಾಡಿಸಿ, "ಇನ್ನೂ ಎರಡು ಬಿಸಿಲು" ಅಂದರು. ಸಂಜೆ ನಾನು ಗುಟ್ಟಾಗಿ ಮೀಟರ್ ಹಾಕಿ ನೋಡಿದೆ. ಎರಡು ಬಿಸಿಲೇ ಬೇಕಿತ್ತು.

ಆವತ್ತಿನಿಂದ ಕಣ ಅವರದು. ಬೆಳಿಗ್ಗೆ ಕಾಫಿ ಹರಡಿಸುತ್ತಾರೆ, ಸಂಜೆ ರಾಶಿ ಮಾಡಿಸಿ ಟಾರ್ಪಾಲು ಹೊದಿಸುತ್ತಾರೆ. ಮಗನ ಕೂದಲಿನ ಮಾತು ಅಲ್ಲಿಗೆ ನಿಂತಿತು. ಎಲ್ಲರಿಗೂ ಇದು ನಡೆಯುವುದಿಲ್ಲ ಅನ್ನಿ. ಸುಮ್ನೆ ಹೊತ್ತು ಕಳೆಯಲು ಬರುವವರಿಗೆ ಕೆಲಸ ಅಂದರೆ ಸಾಕು, ಎದ್ದು ಹೋಗುತ್ತಾರೆ. ಅದೂ ನಷ್ಟವೇನಲ್ಲ!

ಒಂದು ಎಚ್ಚರಿಕೆ. ನಿಜವಾಗಿ ಅವರಿಗೆ ಗೊತ್ತಿರುವ ವಿಷಯವನ್ನೇ ಕೇಳಿ. ಹೇಳಿದ್ದನ್ನು ಸ್ವಲ್ಪವಾದರೂ ಪಾಲಿಸಿ. ಸುಳ್ಳು ಗೌರವ ಮುದುಕರಿಗೆ ಬೇಗ ಗೊತ್ತಾಗುತ್ತದೆ.

ಹೆಜ್ಜೆ 7: ಮನೆಗೊಬ್ಬ ಅರುವ

ಕೊಡವರ ಮದುವೆಗೆ ಹೋದವರು ನೋಡಿರುತ್ತೀರಿ, ಎರಡೂ ಮನೆಯ ಕಡೆಯಿಂದ ಅರುವ ಅಂತ ಒಬ್ಬರಿರುತ್ತಾರೆ. ಮನೆತನದ ಪರವಾಗಿ ಮಾತನಾಡುವುದು ಅವರ ಹೊಣೆ. ಹತ್ತು ಜನ ಹತ್ತು ಮಾತಾಡಿ ಕೆಡುವ ಪ್ರಶ್ನೆಯೇ ಇಲ್ಲ. ನಾನು ಕೊಡವರ ಮನೆಯವಳಲ್ಲ, ಆದರೆ ಈ ಏರ್ಪಾಟನ್ನು ನಮ್ಮ ಮನೆಗೆ ಸಾಲ ತಂದಿದ್ದೇನೆ.

ನಿಯಮ ಸರಳ. ಅವರವರ ಕಡೆಯವರಿಗೆ ಅವರವರೇ ಅರುವ. ನನ್ನ ಅತ್ತೆ, ನಾದಿನಿ, ಚಿಕ್ಕಪ್ಪಂದಿರಿಗೆ ಬೇಡ ಅನ್ನಬೇಕಾದಾಗ ಗಂಡ ಹೇಳುತ್ತಾರೆ. ನನ್ನ ಅಮ್ಮ, ಅಣ್ಣ, ಅತ್ತಿಗೆಗೆ ನಾನು ಹೇಳುತ್ತೇನೆ. ಮಗ ಹೇಳಿದ್ದನ್ನು ಅತ್ತೆ ಮೂರು ದಿನಕ್ಕೆ ಮರೆಯುತ್ತಾರೆ. ಸೊಸೆ ಹೇಳಿದ್ದು ಮೂವತ್ತು ವರ್ಷ ನೆನಪಿರುತ್ತದೆ. ಇದರಲ್ಲಿ ಅತ್ತೆಯ ತಪ್ಪೂ ಇಲ್ಲ, ಲೋಕ ಇರುವುದೇ ಹಾಗೆ.

ಹೇಳುವಾಗ "ಅವಳಿಗೆ ಇಷ್ಟ ಇಲ್ವಂತೆ" ಅಂತ ಹೆಂಡತಿಯನ್ನು ಮುಂದೆ ತಳ್ಳುವ ಗಂಡಂದಿರಿದ್ದಾರೆ. ಅಂಥ ಅರುವ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. "ನಾವಿಬ್ಬರೂ ಹೀಗೆ ಅಂತ ಮಾಡಿದೀವಿ ಅಮ್ಮ" ಅನ್ನಬೇಕು.

ಹೆಜ್ಜೆ 8: ನಯ ಬೇಡದ ಕಡೆ ನಯ ಬೇಡ

ಇಲ್ಲಿಯವರೆಗೆ ನಗುನಗುತ್ತಾ ಹೇಳಿ ಅಂದೆ. ಕೆಲವು ಕಡೆ ನಗಬಾರದು.

ಹಸುಗೂಸಿಗೆ ಜೇನು ನೆಕ್ಕಿಸುವುದು, ಬಿಸಿನೀರು ಕುಡಿಸುವುದು. ಬಾಣಂತಿ ಮನೆಗೆ ಬಂದವರೆಲ್ಲ ಹೇಳುವ ಮಾತಿದು. ವರ್ಷ ತುಂಬುವವರೆಗೆ ಜೇನು ಕೊಡಲೇಬಾರದು, ಮಗುವಿನ ಜೀವಕ್ಕೇ ಅಪಾಯ ತರುವ ವಿಷ ಅದರಿಂದ ಆಗಬಹುದು. ಆರು ತಿಂಗಳು ತಾಯಿ ಹಾಲು ಬಿಟ್ಟು ನೀರೂ ಬೇಡ. ಇಲ್ಲಿ "ಮನಸ್ಸಲ್ಲಿ ಇಟ್ಕೋತೀನಿ" ಅನ್ನುವುದಲ್ಲ. "ಬೇಡ. ಕೊಡಬೇಡಿ" ಅಂತ ಕೈ ಅಡ್ಡ ಇಡಬೇಕು. ಬೇಕಿದ್ದರೆ ಆಶಾ ಕಾರ್ಯಕರ್ತೆಯನ್ನು ಕರೆಸಿ ಅವರ ಬಾಯಲ್ಲೇ ಹೇಳಿಸಿ. ಬಿಪಿ, ಸಕ್ಕರೆ ಕಾಯಿಲೆ ಮಾತ್ರೆ ನಿಲ್ಲಿಸಿ ಕಷಾಯ ಕುಡಿಯಿರಿ ಅನ್ನುವವರಿಗೂ ಅಷ್ಟೇ. "ಸ್ಕ್ಯಾನ್ ಮಾಡಿಸಿ ಗಂಡೋ ಹೆಣ್ಣೋ ನೋಡ್ಕೊಳ್ಳಿ, ನನಗೆ ಗೊತ್ತಿರೋರು ಇದಾರೆ" ಅಂತ ಯಾರಾದರೂ ಪಿಸುಗುಟ್ಟಿದರೆ, 1994ರ ಕಾಯ್ದೆಯಂತೆ ಅದು ಅಪರಾಧ, ಜೈಲಿದೆ ಅಂತ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿ.

ಇನ್ನೊಂದು, ನಿಮ್ಮ ಆಳುಗಳಿಗೆ ಬೇರೆಯವರು ಹುಕುಂ ಮಾಡುವುದು. ನೆಂಟರು ಬಂದು ತೋಟ ಸುತ್ತುತ್ತಾ "ಈ ರೆಕ್ಕೆ ಯಾಕೆ ಬಿಟ್ಟಿದೀರಾ, ಕಡೀರಿ" ಅಂದು ಹೋದರು (ರೆಕ್ಕೆ ಅಂದರೆ ಕಾಫಿ ಗಿಡದ ಕೊಂಬೆ). ಆಳುಗಳು ಪಾಪ, ಯಜಮಾನರ ಕಡೆಯವರು ಅಂತ ಕಡಿದೇಬಿಟ್ಟರು. ಆಮೇಲೆ ಅಂಟಿಸಲು ಬರುತ್ತದಾ? ಮೊದಲು ಆಳುಗಳಿಗೆ, ರೈಟರ್ (ತೋಟದ ಲೆಕ್ಕ, ಆಳು ನೋಡಿಕೊಳ್ಳುವವರು) ಇದ್ದರೆ ಅವರಿಗೆ ಹೇಳಿಡಿ: ನಮ್ಮಿಬ್ಬರಲ್ಲಿ ಒಬ್ಬರು ಹೇಳಿದರೆ ಮಾತ್ರ ಮಾಡಿ, ಉಳಿದವರಿಗೆ "ಅಮ್ಮಂಗೆ ಹೇಳ್ತೀವಿ" ಅನ್ನಿ. ಆಮೇಲೆ ಆ ನೆಂಟರ ಜೊತೆ ಮಾತಾಡಿ. ಅವತ್ತೇ ಬೇಡ, ಎಲ್ಲರೆದುರೂ ಬೇಡ. ಮಾರನೇ ದಿನ, ಒಬ್ಬರೇ ಸಿಕ್ಕಾಗ. "ನೀವು ಯಾವಾಗ್ಲೂ ಹೀಗೇ" ಅಂತ ಶುರು ಮಾಡಿದರೆ ಜಗಳ. ನಡೆದದ್ದಷ್ಟನ್ನೇ ಹೇಳಿ: "ನಿನ್ನೆ ನೀವು ಆಳುಗಳಿಗೆ ರೆಕ್ಕೆ ಕಡೀರಿ ಅಂದ್ರಿ ಭಾವ. ಅವು ಈ ವರ್ಷ ಫಸಲು ಕೊಡೋ ರೆಕ್ಕೆಗಳು. ಮುಂದೆ ಏನಿದ್ರೂ ನನಗೆ ಹೇಳಿ, ಅವರಿಗೆ ಬೇಡ."

ಹೇಳಿದ ಮೇಲೆ ಸುಮ್ಮನಿರಿ. ಮೌನ ತುಂಬಲು ನೀವೇ "ಬೇಜಾರ್ ಮಾಡ್ಕೋಬೇಡಿ, ಹಂಗಲ್ಲ ನಾನು ಹೇಳಿದ್ದು" ಅಂತ ಶುರು ಮಾಡಿದರೆ ಕಟ್ಟಿದ ಬೇಲಿಯನ್ನು ನೀವೇ ಕಿತ್ತ ಹಾಗೆ.

ಮೂಗು ತೂರಿಸುವುದು ದಾಟಿ ಹೆದರಿಸುವುದು, ಹೊಡೆಯುವುದು, ಹೊರಗೆ ಹೋಗಲು ಬಿಡದಿರುವುದು ಶುರುವಾದರೆ ಅದು ಈ ಬರಹದ ವ್ಯಾಪ್ತಿಯಲ್ಲ. ಹೆಣ್ಣುಮಕ್ಕಳು 181ಕ್ಕೆ, ತುರ್ತು ಇದ್ದರೆ ಯಾರೇ ಆಗಲಿ 112ಕ್ಕೆ ಫೋನ್ ಮಾಡಿ.

ಹೆಜ್ಜೆ 9: ನಮ್ಮ ನಾಲಿಗೆ

ಇಷ್ಟೆಲ್ಲ ಬರೆದವಳ ಕಥೆಯನ್ನೂ ಹೇಳಿಬಿಡುತ್ತೇನೆ.

ಹೋದ ವರ್ಷ ನಮ್ಮ ಮೇಲಿನ ತೋಟವನ್ನು ಬೆಂಗಳೂರಿನ ಒಂದು ಚಿಕ್ಕ ವಯಸ್ಸಿನ ದಂಪತಿ ಕೊಂಡರು. ಜೂನ್ ಶುರು, ಮಳೆ ಹಿಡಿದಿತ್ತು. ಆ ಹುಡುಗಿ ಸಿಲ್ವರ್ ಓಕ್ ಮರಗಳಿಗೆ ಮೆಣಸಿನ ಬಳ್ಳಿ ನೆಡುತ್ತಿದ್ದಳು. ನೋಡಿದೆ. ಎಲ್ಲವನ್ನೂ ಮರದ ದಕ್ಷಿಣ ಬದಿಗೆ, ಬುಡಕ್ಕೆ ಒತ್ತಿ ನೆಡುತ್ತಿದ್ದಾಳೆ. ಬಳ್ಳಿಯನ್ನು ಉತ್ತರ ಬದಿಗೆ ನೆಡಬೇಕು, ಬುಡದಿಂದ ಒಂದಡಿ ದೂರಕ್ಕೆ. ಇಲ್ಲದಿದ್ದರೆ ಬೇಸಿಗೆಯ ಬಿಸಿಲು ನೇರ ಎಳೆ ಬಳ್ಳಿಗೆ ಬಡಿಯುತ್ತದೆ.

ನನ್ನ ನಾಲಿಗೆ ಎಷ್ಟು ತುರಿಸಿತು ಅಂದರೆ, ಬೇಲಿ ದಾಟಿ ಅರ್ಧ ದಾರಿ ಹೋಗಿಬಿಟ್ಟಿದ್ದೆ. ಹೋದ ಮೇಲೆ ನೆನಪಾಯಿತು. ಇಂಥ ಹೊತ್ತಿಗೆ ನಾನು ನನಗೇ ಹಾಕಿಕೊಂಡ ನಿಯಮ, ಹೇಳುವ ಮೊದಲು ಒಂದು ಪ್ರಶ್ನೆ ಕೇಳಬೇಕು. ಉತ್ತರ ಏನು ಬಂದರೂ ಅದಕ್ಕೆ ಬದ್ಧಳಾಗಿರಬೇಕು.

"ಬಳ್ಳಿ ವಿಷಯ ಒಂದು ಮಾತು ಹೇಳ್ಲಾ, ಬೇಡ್ವಾ?"

ಅವಳು ಕೈಯ ಮಣ್ಣು ಒರೆಸಿಕೊಂಡು ನೋಡಿದಳು. ಮುಖದಲ್ಲಿ ಸುಸ್ತು.

"ಅಕ್ಕ, ಬೆಳಿಗ್ಗೆಯಿಂದ ನಾಲ್ಕು ಜನ ಹೇಳಿ ಹೋದ್ರು. ಇವತ್ತು ಬೇಡ, ಪ್ಲೀಸ್. ಬೇಕಾದ್ರೆ ನಾನೇ ಬಂದು ಕೇಳ್ತೀನಿ."

"ಸರಿ" ಅಂದೆ. ವಾಪಸ್ ಹೊರಟವಳು ಬೇಲಿ ಹತ್ತಿರ ತಿರುಗಿ ನಿಂತೆ.

"ನಿಮ್ಮಲ್ಲಿ ನಿನ್ನೆ ಎಷ್ಟು ಮಳೆ?"

"ಎರಡು ಇಂಚು ಹತ್ತು ಸೆಂಟು" ಅಂದಳು.